ದೇವರ ಎತ್ತಿಗೆ ಹಾಕದ ಕಿವಿಯೋಲೆ

ಓದುಗರೇ, ಪೀಠಿಕೆಯಿಲ್ಲದೆ ಕೇಳುತ್ತೇನೆ: ನಿಮ್ಮ ದುಡಿಮೆಯ ಇಡೀ ಬದುಕಿನಲ್ಲಿ ಹೆಮ್ಮೆಪಡುವಂಥ ಒಂದು ಕೆಲಸ ಯಾವುದೆಂದು ಯಾರಾದರೂ ಪ್ರಶ್ನಿಸಿದರೆ, ನೀವು ಗೋಡೆಯ ಮೇಲಿನ ಪ್ರಶಸ್ತಿಪತ್ರದ ಕಡೆ ಕೈ ತೋರುತ್ತೀರೋ ಅಥವಾ ಬೀರುವಿನ ತಳದಲ್ಲಿ ಬಚ್ಚಿಟ್ಟ ನೋಟಿಸನ್ನು ಹೊರಗೆ ತೆಗೆಯುತ್ತೀರೋ?

ನನ್ನ ಮನೆಯಲ್ಲಿ ಎರಡೂ ಇವೆ. ಪ್ರಶಸ್ತಿಪತ್ರಕ್ಕೆ ಚೌಕಟ್ಟಿದೆ, ಗಾಜಿದೆ, ಗಾಜಿನ ಮೇಲೆ ಧೂಳಿದೆ. ನೋಟಿಸು ಪ್ಲಾಸ್ಟಿಕ್ ಕವರಿನೊಳಗೆ, ನಮ್ಮಮ್ಮ ನೇಯ್ದ ಕೊನೆಯ ರೇಷ್ಮೆ ಸೀರೆಯ ಮಡಿಕೆಯಲ್ಲಿ ಜೋಪಾನವಾಗಿದೆ. ಯಾವುದನ್ನು ಯಾವ ಕೆಲಸಕ್ಕಾಗಿ ಕೊಟ್ಟರೆಂದು ತಿಳಿಸುವುದೇ ಈ ಬರಹದ ಉದ್ದೇಶ. ಈಚೆಗೆ ಇಲಾಖೆಗೆ ಸೇರಿದ ಇಬ್ಬರು ತರುಣಿಯರು ಮನೆಗೆ ಬಂದು, "ಮೇಡಂ, ಈ ಕೆಲಸ ನಿಜವಾಗಿ ಹೆಂಗಿರ್ತೈತೆ, ಹೇಳ್ರಿ" ಎಂದು ಕೇಳಿದ್ದರಿಂದ ಬರೆಯುತ್ತಿದ್ದೇನೆ. ನನ್ನ ಬಡ್ತಿಗಳ ವಿವರ ಸೇವಾಪುಸ್ತಕದಲ್ಲಿದೆ. ನಿದ್ರಾಹೀನತೆಯಿಂದ ಬಳಲುವವರು ಅದನ್ನು ತರಿಸಿಕೊಂಡು ಓದಬಹುದು.

ನಾನು ಪಶುಸಂಗೋಪನೆ ಇಲಾಖೆಯಲ್ಲಿ ಪಶುವೈದ್ಯಕೀಯ ಪರೀಕ್ಷಕಿಯಾಗಿದ್ದೆ. ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಆಚೆಗೆ ನನ್ನ ಸೇವೆ ಒಂದು ಹೆಜ್ಜೆಯೂ ಇಡಲಿಲ್ಲ. ಪರೀಕ್ಷಕಿಯೆಂದರೆ ಯಾರು ಎಂದು ಕೇಳುವವರಿಗೆ ಉತ್ತರ ಸರಳ: ವೈದ್ಯರಿಲ್ಲದ ದಿನ ವೈದ್ಯೆ, ಅಟೆಂಡರ್ ಇಲ್ಲದ ದಿನ ಅಟೆಂಡರ್, ಇಬ್ಬರೂ ಇರುವ ದಿನ ಗುಮಾಸ್ತೆ.

ನಾನು ಆಗಬೇಕೆಂದುಕೊಂಡಿದ್ದದ್ದು ವಕೀಲೆ. ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ, ಮನೆಮಾತು ತೆಲುಗಾಗಿದ್ದರೂ, ಕನ್ನಡದಲ್ಲಿ ನನ್ನಷ್ಟು ಗಟ್ಟಿಯಾಗಿ ವಾದಿಸುವವರು ಬೇರೆ ಇರಲಿಲ್ಲ. ದುರ್ಗದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋದೆ. ವಿಷಯದ ಪರವಾಗಿ ಗೆದ್ದೆ, ವಿರೋಧವಾಗಿಯೂ ಗೆದ್ದೆ. ಗೆದ್ದ ಕಪ್ಪುಗಳನ್ನು ಅಮ್ಮ ಮಗ್ಗದ ಪಕ್ಕದ ಗೂಡಿನಲ್ಲಿ ಸಾಲಾಗಿ ಇಟ್ಟು, ಒಂದರಲ್ಲಿ ಲಾಳಿಯನ್ನೂ ಇನ್ನೊಂದರಲ್ಲಿ ಹರಿದ ಎಳೆಗಳನ್ನೂ ಹಾಕಿಡುತ್ತಿದ್ದಳು. ನಾನು ಆಕ್ಷೇಪಿಸಿದರೆ ತಲೆಯೆತ್ತದೆಯೇ, "ಮಾಟಲತೋ ಮಗ್ಗಂ ನಡವದು ತಲ್ಲೀ" ಎನ್ನುತ್ತಿದ್ದಳು. ಮಾತಿನಿಂದ ಮಗ್ಗ ನಡೆಯುವುದಿಲ್ಲ ಎಂಬುದು ಅದರರ್ಥ.

ನನ್ನ ಅಂತಿಮ ಪದವಿ ಪರೀಕ್ಷೆಯ ವರ್ಷ, ಪಶು ಆಸ್ಪತ್ರೆಯಲ್ಲಿ ಕಾಂಪೌಂಡರಾಗಿದ್ದ ನಮ್ಮಪ್ಪ ಸೇವೆಯಲ್ಲಿರುವಾಗಲೇ ತೀರಿಕೊಂಡರು. ಮನೆಯಲ್ಲಿ ಓದುವ ಇಬ್ಬರು ತಂಗಿಯರು, ಒಬ್ಬ ತಮ್ಮ. ಅಮ್ಮನ ಕಣ್ಣು ಜರಿಯ ಎಳೆಗಳಿಗೆ ಆಗಲೇ ಅರ್ಧ ಸಂದಾಯವಾಗಿತ್ತು. ಅನುಕಂಪದ ಆಧಾರದ ಮೇಲೆ ಸರ್ಕಾರ ನನಗೆ ಕೆಲಸ ಕೊಟ್ಟಿತು. ಅನುಕಂಪವನ್ನು ಮಂಜೂರು ಮಾಡಲು ಸರ್ಕಾರ ಎರಡು ವರ್ಷ ತೆಗೆದುಕೊಂಡಿತೆಂಬುದನ್ನು ದಾಖಲೆಗಾಗಿ ಹೇಳಿಬಿಡುತ್ತೇನೆ.

ತರಬೇತಿ ಮುಗಿಸಿ ಚಳ್ಳಕೆರೆ ತಾಲ್ಲೂಕಿನ ಒಂದು ಪಶು ಆಸ್ಪತ್ರೆಗೆ ಮೊದಲ ದಿನ ಹೋದಾಗ, ಅಲ್ಲಿನ ಹಿರಿಯ ವೈದ್ಯರು ನನ್ನ ಅರ್ಜಿಯನ್ನು ಓದಿ, "ಚರ್ಚಾಸ್ಪರ್ಧೆಯಲ್ಲಿ ಪ್ರಥಮ ಬಹುಮಾನ" ಎಂಬ ಸಾಲಿಗೆ ಬಂದು ನಿಂತರು.

"ನೋಡಮ್ಮ, ಇಲ್ಲಿಗೆ ಬರೋ ಪೇಷೆಂಟ್ ಯಾವುವೂ ಎದುರು ವಾದಿಸಲ್ಲ. ಒದೀತಾವೆ ಅಷ್ಟೇ. ಒದ್ದಾಗ ಉತ್ತರ ಕೊಡಾಕೆ ನಿಂತ್ಕಬ್ಯಾಡ, ಹಿಂದಕ್ಕೆ ಸರಿ."

ಇಲಾಖೆ ನನಗೆ ನೀಡಿದ ತರಬೇತಿಗಳಲ್ಲೆಲ್ಲ ಉಪಯೋಗಕ್ಕೆ ಬಂದದ್ದು ಅದೊಂದೇ.

ಆದರೂ ನಾನು ಮಾತಿನ ಮೇಲಿನ ನಂಬಿಕೆ ಬಿಡಲಿಲ್ಲ. ಜನರಿಗೆ ತಿಳಿಸಿ ಹೇಳಿದರೆ ಸಮಾಜ ಬದಲಾಗುತ್ತದೆ, ಬದಲಾಗದಿದ್ದರೆ ಇನ್ನಷ್ಟು ವಿವರವಾಗಿ ತಿಳಿಸಿ ಹೇಳಬೇಕು ಎಂಬುದು ನನ್ನ ಸಿದ್ಧಾಂತ. ಸೇರಿದ ಮೊದಲ ವರ್ಷವೇ ದೊಡ್ಡಉಳ್ಳಾರ್ತಿಯ ಶಾಲೆಯ ಜಗಲಿಯಲ್ಲಿ ಒಂದು ಸಭೆ ನಡೆಸಿದೆ. ವಿಷಯ: ಹಸು ಬೆದೆಗೆ ಬಂದಾಗ ಹೊತ್ತು ಮೀರದಂತೆ ಆಸ್ಪತ್ರೆಗೆ ಕರೆತಂದು ಇಂಜೆಕ್ಷನ್ ಮೂಲಕ ಗರ್ಭ ಕಟ್ಟಿಸುವುದು ಏಕೆ ಅವಶ್ಯ. ತಳಿಶಾಸ್ತ್ರದಿಂದ ಆರಂಭಿಸಿ ರಾಷ್ಟ್ರದ ಹಾಲಿನ ಉತ್ಪಾದನೆಯವರೆಗೆ ಮಾತಾಡಿದೆ. ಹೊತ್ತು ಮುಳುಗಿತು. ಜನ ಚಪ್ಪಾಳೆ ತಟ್ಟಿದರು. ಕೊನೆಯ ಬಸ್ಸು ಬಂತು, ನಾನು ಹತ್ತಿ ಹೊರಟೆ. ಎರಡು ದಿನದ ನಂತರ ಅದೇ ಊರಿನ ಒಬ್ಬ ಅಜ್ಜಿ ಆಸ್ಪತ್ರೆಗೆ ಬಂದು ನನ್ನೆದುರು ಕುಳಿತಳು.

"ಮಗಾ, ನಿನ್ ಮಾತು ಕೇಳ್ತಿದ್ರೆ ಕೇಳ್ತಾನೇ ಇರ್ಬೇಕು ಅನ್ನಿಸ್ತೈತೆ."

"ಸಂತೋಷ ಅಜ್ಜಿ."

"ಅವತ್ತು ನಮ್ ಹಸ ಬೆದೆಗೆ ಬಂದಿತ್ತು. ನೀನು ಬಂದಿದೀಯ ಅಂತ ಹೊಡ್ಕಂಡು ಬಂದು ಅಲ್ಲೇ ಬೇವಿನ ಮರಕ್ಕೆ ಕಟ್ಟಿದ್ದೆ. ನೀನು ಮುಗಿಸ್ಲಿ ಅಂತ ಕಾದೆ. ಮುಗ್ಸಿದ್ದೇ ಬಸ್ ಹತ್ತಿಬಿಟ್ಟೆ."

ಬೇವಿನ ಮರದಡಿ ಬಿಡದೆ ಕೂಗುತ್ತಿದ್ದ ಆ ಹಸುವನ್ನು ನಾನೂ ನೋಡಿದ್ದೆ. ಸಭೆಗೆ ಅಡ್ಡಿಯಾಗುತ್ತದೆಂದು ಅದನ್ನು ಸ್ವಲ್ಪ ದೂರ ಕಟ್ಟಿಸಿಯೂ ಇದ್ದೆ. ಮುಂದಿನ ಬೆದೆಗಾಗಿ ಆ ಅಜ್ಜಿ ಇಪ್ಪತ್ತೊಂದು ದಿನ ಕಾಯಬೇಕಾಯಿತು. ಹೊತ್ತು ಮೀರಬಾರದೆಂದು ಹೇಳುತ್ತಲೇ ಹೊತ್ತು ಮೀರಿಸಿದ ವಾಗ್ಮಿಗಳಲ್ಲಿ ನಾನು ಮೊದಲಿಗಳೂ ಅಲ್ಲ, ಕೊನೆಯವಳೂ ಅಲ್ಲ. ವಿಧಾನಸಭೆಯಲ್ಲಿ ನನಗೆ ಸಹೋದ್ಯೋಗಿಗಳಿದ್ದಾರೆ.

ಇನ್ನು ಪ್ರಶಸ್ತಿಯ ವಿಷಯ. ಸೇವೆಯ ಕೊನೆಯ ವರ್ಷಗಳಲ್ಲಿ ಪ್ರತಿ ದನಕ್ಕೂ ಹನ್ನೆರಡು ಅಂಕಿಯ ಹಳದಿ ಪ್ಲಾಸ್ಟಿಕ್ ಬಿಲ್ಲೆಯನ್ನು ಕಿವಿಗೆ ಚುಚ್ಚಿ, ಆ ಸಂಖ್ಯೆಯನ್ನು ಫೋನಿನ ಆ್ಯಪ್‌ಗೆ ಏರಿಸುವ ಅಭಿಯಾನ ಬಂತು. ಇಲಾಖೆಯ ಭಾಷೆಯಲ್ಲಿ ಅದಕ್ಕೆ ಕಿವಿಯೋಲೆ. ಉದ್ದೇಶ ಒಳ್ಳೆಯದೇ. ಯಾವ ದನಕ್ಕೆ ಯಾವ ಲಸಿಕೆ ಬಿತ್ತೆಂಬುದು ಒಂದೇ ಕಡೆ ತಿಳಿಯಬೇಕು. ಆಗ ನಾನು ಮೊಳಕಾಲ್ಮೂರು ಕಡೆಯ ಒಂದು ಕೇಂದ್ರದಲ್ಲಿದ್ದೆ. ಗಡುವಿನ ದಿನ ಸಂಜೆ ಒಂದು ಪೆಟ್ಟಿಗೆ ಓಲೆ ಹಾಗೆಯೇ ಉಳಿದಿತ್ತು. ಅಂದಿನ ಮೇಲಧಿಕಾರಿ ಹೇಳಿದರು: "ಇವತ್ತು ಎಂಟ್ರಿ ಮಾಡ್ರಿ, ನಾಳೆ ದನಕ್ಕೆ ಹಾಕೋಣ." ಕುಳಿತು ಎಂಟ್ರಿ ಮಾಡಿದವಳು ನಾನೇ. ಆ ನಾಳೆ ಬರಲೇ ಇಲ್ಲ. ಶೇಕಡಾ ನೂರರ ಸಾಧನೆಗಾಗಿ ಶಾಲು ಹೊದಿಸಿ ಪ್ರಶಸ್ತಿಪತ್ರ ಕೊಟ್ಟರು.

ಶಾಲು ಹಿಡಿದು ಮರಳುವಾಗ ಬಸ್‌ಸ್ಟ್ಯಾಂಡಿನ ಚಹಾದಂಗಡಿಯವನ ಸ್ಕೂಟರಿನ ಕೀಲಿಯಲ್ಲಿ ಒಂದು ಹಳದಿ ಓಲೆ ನೇತಾಡುತ್ತಿತ್ತು. ಪೆಟ್ಟಿಗೆ ನಮ್ಮ ಆಸ್ಪತ್ರೆಯ ವರಾಂಡದಲ್ಲೇ ಬಿದ್ದಿತ್ತಲ್ಲ, ಯಾರೋ ಕೈಹಾಕಿದ್ದರು. ಸಂಖ್ಯೆಯನ್ನು ಫೋನಿನಲ್ಲಿ ಒತ್ತಿ ನೋಡಿದೆ. ಸರ್ಕಾರಿ ದಾಖಲೆಯ ಪ್ರಕಾರ ಆ ಕೀಲಿಕೈ ನಾಲ್ಕು ವರ್ಷದ ಎಮ್ಮೆ, ಐದು ತಿಂಗಳ ಗಬ್ಬ. ಗೋಡೆಯ ಮೇಲಿನ ಪ್ರಶಸ್ತಿಪತ್ರ ಆ ಎಮ್ಮೆಯದು.

ಅನಂತರ ನನ್ನನ್ನು ಮತ್ತೆ ಚಳ್ಳಕೆರೆ ಕಡೆಗೆ ಹಾಕಿದರು. ನಿವೃತ್ತಿಗೆ ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ಉಳಿದಿತ್ತು. ಆಗಲೇ ಚರ್ಮಗಂಟು ರೋಗ ಬಂತು. ದನದ ಮೈತುಂಬ ಗಂಟು ಎದ್ದು, ಜ್ವರ ಏರಿ, ಮೇವು ಬಿಟ್ಟು, ಹಲವು ಸಾಯುತ್ತಿದ್ದವು. ಪಕ್ಕದ ಊರುಗಳಲ್ಲಿ ಕಾಣಿಸಿಕೊಂಡಿತೆಂಬ ಸುದ್ದಿ ದಿನಕ್ಕೊಂದು ಮೈಲಿಯಂತೆ ಹತ್ತಿರವಾಗುತ್ತಿತ್ತು. ಲಸಿಕೆ ಬಂದಿತ್ತು. ಜೊತೆಗೆ ಆದೇಶವೂ ಬಂದಿತ್ತು: ಕಿವಿಯೋಲೆಯ ಸಂಖ್ಯೆಯಿಲ್ಲದೆ ಒಂದು ಹನಿ ಲಸಿಕೆಯನ್ನೂ ಹಾಕತಕ್ಕದ್ದಲ್ಲ.

ನನ್ನಿವಾಳದ ಆಚೆ, ದನ ಮೇಯುವ ಕಾವಲಿನ ಅಂಚಿಗೆ ಒಂದು ಹಟ್ಟಿಯಿದೆ. ಅಲ್ಲಿ ದೇವರ ದನಗಳ ಹಿಂಡಿದೆ. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ: ಅವು ಹಟ್ಟಿಯ ದೇವರಿಗೆ ಬಿಟ್ಟ ಎತ್ತು, ಹಸು, ಕರುಗಳು. ಅವುಗಳಿಗೆ ನೊಗ ಹೂಡುವುದಿಲ್ಲ, ಮೂಗುದಾರ ಹಾಕುವುದಿಲ್ಲ, ಮಾರುವುದಿಲ್ಲ. ಮೈಗೆ ಗುರುತು ಮಾಡುವುದಾಗಲಿ ಕಿವಿ ಚುಚ್ಚುವುದಾಗಲಿ ಕೂಡದು. ಕಾಯುವವರನ್ನು ಕಿಲಾರಿ ಎನ್ನುತ್ತಾರೆ. ಆ ಹಟ್ಟಿಯ ಕಿಲಾರಿ ಪಾಲಯ್ಯ. ಎಪ್ಪತ್ತರ ಆಸುಪಾಸಿನ ಕಡ್ಡಿ ದೇಹ. ಹಿಂಡಿನಲ್ಲಿ ನೂರ ಹದಿನೇಳು ದನ, ಒಂದಕ್ಕೂ ಓಲೆಯಿಲ್ಲ.

ತಾಲ್ಲೂಕಿನ ನಮ್ಮ ಮುಖ್ಯಸ್ಥರಾದ ಸಾಹೇಬರು ನನ್ನನ್ನು ಕರೆಸಿ, "ಆ ಹಟ್ಟಿಯವ್ರು ಬ್ಯಾಡ ಅಂತಾರಂತೆ. ಮೂಢನಂಬಿಕೆ ಜನ. ನೀವು ಮಾತಿನಾಗೆ ಗಟ್ಟಿಗರು, ಹೋಗಿ ಒಪ್ಪಿಸ್ರಿ ಮೇಡಂ" ಎಂದರು.

ಮೂವತ್ತೈದು ವರ್ಷಗಳ ನಂತರ ಇಲಾಖೆ ನನ್ನ ಕಪ್ಪುಗಳನ್ನು ನೆನಪಿಸಿಕೊಂಡಿತ್ತು! ರಾತ್ರಿಯೆಲ್ಲ ಕುಳಿತು ಹನ್ನೊಂದು ಅಂಶಗಳ ವಾದ ಸಿದ್ಧಪಡಿಸಿದೆ. ಬೆಳಿಗ್ಗೆ ನಮ್ಮ ಅಟೆಂಡರ್ ಖಾದರ್ ಸಾಬರೊಂದಿಗೆ ಹಟ್ಟಿಗೆ ಹೋದೆ. ಖಾದರ್ ಸಾಬರು ನನಗಿಂತ ಎರಡು ತಿಂಗಳು ಕಿರಿಯರು. ಲಸಿಕೆಯ ಐಸ್ ಪೆಟ್ಟಿಗೆಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡೇ ಬಸ್ಸಿನಲ್ಲಿ ಕೂರುತ್ತಿದ್ದ ಮನುಷ್ಯ.

ಪಾಲಯ್ಯನವರು ಕಲ್ಲಿನ ಮೇಲೆ ಕುಳಿತು ಕಂಬಳಿ ಹೊದ್ದು ಕೇಳಿದರು. ನಾನು ರೋಗಾಣುವಿನಿಂದ ಆರಂಭಿಸಿದೆ. ಸೂಜಿಯೆಂದರೆ ಹಿಂಸೆಯಲ್ಲ ಎಂದೆ. ನಂಬಿಕೆಯೂ ವಿಜ್ಞಾನವೂ ಪರಸ್ಪರ ವಿರೋಧಿಗಳಲ್ಲ ಎಂದೆ. ಸಿಡುಬು ಮಾಯವಾದ ಬಗೆ ಹೇಳಿದೆ. ದೇವರೇ ಇಂದು ಲಸಿಕೆಯ ರೂಪದಲ್ಲಿ ಬಂದಿದ್ದಾನೆಂದು ಒಂಬತ್ತನೆಯ ಅಂಶದಲ್ಲಿ ಸ್ವಲ್ಪ ಕಾವ್ಯವನ್ನೂ ಬೆರೆಸಿದೆ. ಪಾಲಯ್ಯನವರು ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ. ಹನ್ನೊಂದೂ ಮುಗಿದ ಮೇಲೆ ಖಾದರ್ ಸಾಬರ ಕಡೆ ತಿರುಗಿದರು.

"ಸಾಬ್ರೆ, ಡಾಕ್ಟ್ರಮ್ಮ ಸೂಜಿ ಬಗ್ಗೆ ಯಾಕಿಷ್ಟು ಹೇಳ್ತವ್ರೆ?"

"ನೀವು ಬ್ಯಾಡ ಅಂದ್ರಂತಲ್ಲ ಯಜಮಾನ್ರೆ."

"ಸೂಜಿಗೆ ಯಾವನು ಬ್ಯಾಡ ಅಂದ? ಹೋದ್ ಸಲ ಗಳಲೆ ರೋಗಕ್ಕೆ ಹಾಕ್ಸಿಲ್ವಾ? ಈ ಸಲಾನೂ ನಾವೇ ನಾಕ್ ದಪ ಆಸ್ಪತ್ರೆ ತಾವ ಬಂದ್ವಿ. ಕಿವಿ ಚುಚ್ಚಬ್ಯಾಡ್ರಿ ಅಂದ್ವಿ. ಹಂಗಾದ್ರೆ ಸೂಜಿನೂ ಇಲ್ಲ ಅಂತ ಕಳಿಸಿದ್ರು."

ವಿಷಯ ಏನೆಂದು ವಿಚಾರಿಸದೆ ವೇದಿಕೆ ಏರಿದ ಸ್ಪರ್ಧಿಯನ್ನು ನಮ್ಮ ಕಾಲೇಜಿನಲ್ಲಿ ತಕ್ಷಣ ಕೆಳಗಿಳಿಸುತ್ತಿದ್ದರು. ಲಸಿಕೆ ಬೇಕೆಂದು ನಾಲ್ಕು ಬಾರಿ ಬಂದು ಬೇಡಿದವನಿಗೆ, ಲಸಿಕೆ ಏಕೆ ಬೇಕೆಂದು ಮುಕ್ಕಾಲು ಗಂಟೆ ಉಪದೇಶ ಮಾಡಿದ್ದೆ. ಕಿವಿ ಚುಚ್ಚದಿದ್ದರೆ ಸೂಜಿ ಕೆಲಸ ಮಾಡುವುದಿಲ್ಲವೆಂಬ ನಂಬಿಕೆ ಹಟ್ಟಿಯವರದಲ್ಲ, ನಮ್ಮದು.

"ಮೇಡಂ, ನಿಮ್ಮ ಒಂಬತ್ತನೇ ಪಾಯಿಂಟ್ ಮಾತ್ರ ಬಹುತ್ ಚಲೋ ಇತ್ತು" ಎಂದು ಖಾದರ್ ಸಾಬರು ದಾರಿಯಲ್ಲಿ ಸಮಾಧಾನ ಹೇಳಿದರು.

ಅಂದು ಮಧ್ಯಾಹ್ನವೇ ಸಾಹೇಬರ ಮುಂದೆ ನಿಂತೆ. ಮೂಢನಂಬಿಕೆಯ ವಿರುದ್ಧ ಸಿದ್ಧಪಡಿಸಿದ್ದ ವಾದ ಅಲ್ಲಿಗೆ ಚೆನ್ನಾಗಿ ಹೊಂದಿತು.

"ನೀವು ಹೇಳೋದು ನೂರಕ್ಕೆ ನೂರು ಸರಿ ಮೇಡಂ" ಎಂದರು ಸಾಹೇಬರು. "ಆದ್ರೆ ಆ್ಯಪ್ ತಗೊಳ್ಳಲ್ಲ."

"ಆ್ಯಪ್‌ಗೆ ಬೇಕಾದದ್ದು ಸಂಖ್ಯೆ ತಾನೇ ಸಾರ್? ಓಲೆ ಕಿವಿಯಲ್ಲೇ ಇದೆಯೋ ಇಲ್ಲವೋ ನೋಡಲು ಅದಕ್ಕೆ ಕಣ್ಣಿದೆಯೇ?"

"ಇಲ್ಲ. ಅದ್ಕೇ ನಮ್ಮನ್ನ ಇಟ್ಟವ್ರೆ."

ಯಾವುದನ್ನೂ ನಿರಾಕರಿಸದ ಎದುರಾಳಿಯನ್ನು ಸೋಲಿಸುವುದು ಹೇಗೆಂದು ನನಗೆ ಯಾವ ಕಾಲೇಜೂ ಕಲಿಸಿರಲಿಲ್ಲ. ಸಾಹೇಬರು ನನ್ನ ಪ್ರತಿ ಅಂಶಕ್ಕೂ ತಲೆದೂಗಿದರು, ಚಹಾ ತರಿಸಿದರು, ನಾನು ಹೊರಟಾಗ ಬಾಗಿಲವರೆಗೆ ಬಂದರು. ಲಸಿಕೆಗೆ ಮಾತ್ರ ಒಪ್ಪಲಿಲ್ಲ. ಅಷ್ಟರಲ್ಲಿ ಹಟ್ಟಿಯಿಂದ ಎರಡು ಮೈಲಿ ಆಚೆಯ ಊರಿನಲ್ಲಿ ಒಂದು ಹೋರಿಯ ಮೈಮೇಲೆ ಗಂಟು ಎದ್ದಿತ್ತು.

ಮರುದಿನ ಬೆಳಗಿನ ಜಾವವೇ ಪಾಲಯ್ಯನವರ ಬಳಿಗೆ ಮತ್ತೆ ಹೋದೆ. ಈ ಸಲ ಯಾವ ಅಂಶವನ್ನೂ ಒಯ್ಯಲಿಲ್ಲ. ಓಲೆಯ ಪೆಟ್ಟಿಗೆಯನ್ನು ಅವರ ಮುಂದಿಟ್ಟು, "ಯಜಮಾನರೇ, ಈ ನಂಬರನ್ನು ದನಕ್ಕೆ ಸೇರಿಸದೆ ನಾನು ಸೂಜಿ ಹಾಕುವಂತಿಲ್ಲ. ನೀವೇ ಒಂದು ದಾರಿ ಹೇಳಿ" ಎಂದು ಕೇಳಿದೆ. ಅವರು ಒಂದು ಓಲೆಯನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದು ಯಾತಕ್ಕೆ? ಯಾವ ದನ ಯಾವುದು ಅಂತ ಗೊತ್ತಾಗ್ಲಿ ಅಂತ ತಾನೆ?"

"ಹೌದು."

"ನಂಗೆ ಗೊತ್ತೈತಲ್ಲ."

ಎಂದವರೇ ಹೇಳತೊಡಗಿದರು. ಕೆಂದೂಳಿ. ಕೆಂದೂಳಿ ಮಗ ಮಿಂಚ. ಮಿಂಚನ ಬೆನ್ನಿಗೆ ಹುಟ್ಟಿದ ಚುಕ್ಕಿ. ಚುಕ್ಕಿ ಮಗ ಸೊಟ್ಟಗೊಂಬ. ಒಂದೊಂದರ ಹೆಸರು, ಅದರ ತಾಯಿಯ ಹೆಸರು, ಹುಟ್ಟಿದ ಕಾಲ. ಖಾದರ್ ಸಾಬರು ನೋಟುಪುಸ್ತಕ ತೆಗೆದು ಬರೆಯತೊಡಗಿದರು. ನೂರ ಹದಿನೇಳೂ ಮುಗಿದವು. ನನ್ನೊಳಗಿನ ಸ್ಪರ್ಧಿ ಇನ್ನೂ ಸತ್ತಿರಲಿಲ್ಲವಾದ್ದರಿಂದ, ಈಗ ಕೊನೆಯಿಂದ ಮೊದಲಿಗೆ ಹೇಳಿ ಎಂದೆ. ಹೇಳಿದರು. ನಡುವೆ ಒಮ್ಮೆ ನಿಂತು, ಓದು ಬಾರದ ಆ ಮನುಷ್ಯ ಖಾದರ್ ಸಾಬರ ಕೈ ನೋಡಿ, "ಸಾಬ್ರೆ, ಸೊಟ್ಟಗೊಂಬ ಅಂದ್ರೆ ಉದ್ದನ್ ಹೆಸ್ರು. ನಿಮ್ ಪೆನ್ನು ಬೇಗ ನಿಂತ್ಬಿಡ್ತಲ್ಲ, ಏನ್ ಬರದ್ರಿ?" ಎಂದು ಕೇಳಿದರು. ಖಾದರ್ ಸಾಬರು ಬರೀ "ಸೊಟ್ಟ" ಎಂದು ಬರೆದಿದ್ದರು. "ಮೇಡಂ, ಈ ಯಜಮಾನ್ರ ಮುಂದೆ ನಿಮ್ ಆ್ಯಪ್ ಬಚ್ಚಾ" ಎಂದರು ತಿದ್ದಿಕೊಳ್ಳುತ್ತ.

ದಾರಿ ಸ್ಪಷ್ಟವಾಯಿತು. ಒಂದು ಹೆಸರಿಗೆ ಒಂದು ಓಲೆ. ನೋಟುಪುಸ್ತಕದಲ್ಲಿ ಹೆಸರಿನ ಮುಂದೆ ಸಂಖ್ಯೆ. ಓಲೆಗಳನ್ನು ಕಿವಿಯ ಬದಲು ಒಂದು ನೂಲುಹಗ್ಗಕ್ಕೆ, ಹೇಳಿದ ಕ್ರಮದಲ್ಲೇ, ಪೋಣಿಸುವುದು. ಹಗ್ಗ ಪಾಲಯ್ಯನವರ ಗುಡಿಸಲ ಕಂಬದಲ್ಲಿರುತ್ತದೆ. ಇದು ನಿಯಮಭಂಗವೆಂದು ನನಗೆ ತಿಳಿದಿತ್ತು. ನಿವೃತ್ತಿಯ ಅಂಚಿನಲ್ಲಿರುವವಳಿಗೆ ನಿಯಮಭಂಗದ ಬೆಲೆಯೂ ತಿಳಿದಿತ್ತು. ಆದರೆ ಇಲ್ಲದ ಎಮ್ಮೆಗೆ ಓಲೆ ಬರೆದು ಶಾಲು ಹೊದ್ದ ಕೈ ಇದು, ಇರುವ ಎತ್ತಿಗೆ ಓಲೆಯಿಲ್ಲದೆ ಸೂಜಿ ಚುಚ್ಚಲು ಹಿಂಜರಿಯುವುದಾದರೆ ಆ ಕೈಯನ್ನು ಏನೆಂದು ಕರೆಯಬೇಕು?

ಆ್ಯಪ್ ಸುಲಭವಾಗಿ ಒಲಿಯಲಿಲ್ಲ. ಮಾಲೀಕರ ಹೆಸರು ಕೇಳಿತು. ಪಾಲಯ್ಯನವರ ಹೆಸರು ಬರೆಯಲು ಹೋದರೆ ಅವರು ಕೈ ಅಡ್ಡ ಹಿಡಿದರು.

"ನನ್ನೆಸ್ರು ಬ್ಯಾಡ ತಾಯಿ. ಇವತ್ತು ನನ್ನೆಸ್ರು ಬಿತ್ತು ಅಂದ್ರೆ, ನಾಳೆ ನಾನ್ ಸತ್ ಮೇಲೆ ನನ್ ಮಕ್ಳು ನಮ್ಮಪ್ಪಂದು ಅಂತ ಸಂತೆಗೆ ಹೊಡೀತಾರೆ. ದೇವ್ರ ಹೆಸ್ರೇ ಬರಿ."

ಬರೆದೆ. ಅದರ ಕೆಳಗೆ ತಂದೆಯ ಹೆಸರು ಎಂಬ ಕಲಂ ಇತ್ತು. ತುಂಬದಿದ್ದರೆ ಮುಂದಕ್ಕೆ ಹೋಗದು.

"ಯಜಮಾನರೇ, ದೇವರ ತಂದೆಯ ಹೆಸರೇನು?"

"ಅದು ಗೊತ್ತಿದ್ದಿದ್ರೆ ನಾನ್ಯಾಕೆ ದನ ಕಾಯ್ತಿದ್ದೆ?"

ಹಟ್ಟಿಯ ಹೆಸರನ್ನೇ ತಂದೆಯ ಹೆಸರೆಂದು ತುಂಬಿದೆ. ಆಮೇಲೆ ಮೊಬೈಲ್ ಸಂಖ್ಯೆ. ಪಾಲಯ್ಯನವರ ಬಳಿ ಫೋನಿಲ್ಲ. ದೇವರ ಬಳಿ ಇದ್ದರೂ ನಮಗೆ ನಂಬರು ತಿಳಿಯದು. ಖಾದರ್ ಸಾಬರು ತಮ್ಮದನ್ನೇ ಕೊಟ್ಟರು. ಕೂಡಲೇ ಅವರ ಜೇಬು ಟಣ್ ಎಂದಿತು. ದೇವರಿಗೆ ಓಟಿಪಿ ಬಂದಿತ್ತು. ಅಂದಿನಿಂದ ಇಂದಿನವರೆಗೆ, "ಪ್ರಿಯ ಪಶುಪಾಲಕರೇ" ಎಂದು ಸರ್ಕಾರ ಆ ಹಟ್ಟಿಯ ದೇವರಿಗೆ ಕಳಿಸುವ ಸಂದೇಶಗಳೆಲ್ಲ ಖಾದರ್ ಸಾಬರಿಗೇ ಬರುತ್ತಿವೆ. ಹಿಂದೊಮ್ಮೆ ದೇವರು ದೊಡ್ಡ ಹಿಡುವಳಿದಾರನಾದ್ದರಿಂದ ಮೇವಿನ ಬೀಜದ ಸಬ್ಸಿಡಿಗೆ ಅನರ್ಹನೆಂದೂ ತಿಳಿಸಲಾಯಿತು.

ಎರಡು ಬೆಳಗು ಲಸಿಕೆ ಹಾಕಿದೆವು. ದನಗಳು ಕಾವಲಿಗೆ ಹೊರಡುವ ಮುಂಚೆ ಕೆಲಸ ಮುಗಿಯಬೇಕಿತ್ತು. ಈಗ ಕಾವಲಿನ ನಡುವೆ ಸರ್ಕಾರಿ ಸಂಸ್ಥೆಗಳ ಉದ್ದನೆಯ ಗೋಡೆ ಎದ್ದಿರುವುದರಿಂದ ಹಿಂಡು ಬಹಳ ಸುತ್ತು ಹಾಕಿ ಹೋಗಬೇಕು, ಬೇಗ ಹೊರಡುತ್ತದೆ. ಮುಳ್ಳುಬೇಲಿಯ ದೊಡ್ಡಿಯೊಳಗೆ ಹೆಂಗಸರು ಕಾಲಿಡುವಂತಿಲ್ಲ ಎಂದು ಪಾಲಯ್ಯನವರು ಸಂಕೋಚದಿಂದ ಹೇಳಿದರು. ಆ ಕಟ್ಟಳೆಯನ್ನು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ಅದರ ಬಗ್ಗೆ ಅವರೊಂದಿಗೆ ಬೇರೆ ಒಂದು ದಿನ ವಾದಿಸಿದ್ದೇನೆ, ಸೋತೂ ಇದ್ದೇನೆ. ಆದರೆ ಆ ಬೆಳಗಿನ ವಿಷಯ ಅದಾಗಿರಲಿಲ್ಲ. ನಾನು ದೊಡ್ಡಿಯ ಬಾಯಿಯ ಹೊರಗೆ ನಿಂತೆ. ಪಾಲಯ್ಯನವರು ಒಳಗೆ ನಿಂತು, "ಮಿಂಚಾ, ಬಾರಲೇ!" ಎನ್ನುವರು. ನೂರಾರು ಕೋಡುಗಳ ನಡುವಿನಿಂದ ಒಂದೇ ಒಂದು ಎತ್ತು ಹೊರಟು ಬಾಯಿಗೆ ಬಂದು ನಿಲ್ಲುವುದು. ಹಗ್ಗವಿಲ್ಲ, ಮೂಗುದಾರವಿಲ್ಲ, ಅವರ ಅಂಗೈ ಮಾತ್ರ ಅದರ ಹಣೆಯ ಮೇಲೆ. ನಾನು ಕುತ್ತಿಗೆಯ ಚರ್ಮ ಎತ್ತಿ ಸೂಜಿ ಹಾಕುವೆ. ಖಾದರ್ ಸಾಬರು ನೋಟುಪುಸ್ತಕದಲ್ಲಿ ಗುರುತು ಹಾಕಿ, ಹಗ್ಗಕ್ಕೆ ಒಂದು ಓಲೆ ಪೋಣಿಸುವರು. ಮೂವತ್ತೈದು ವರ್ಷ ದನಗಳನ್ನು ಕೆಡವಿ, ಕಾಲು ಕಟ್ಟಿ, ಮೂಗು ಹಿಡಿದು ಸೂಜಿ ಹಾಕಿದವಳು ನಾನು. ಕರೆದರೆ ಬರುತ್ತವೆಂಬುದು ನಮ್ಮ ತರಬೇತಿಯ ಪಠ್ಯದಲ್ಲಿ ಇರಲಿಲ್ಲ.

ಮೂರು ವಾರದ ನಂತರ ರೋಗ ಆ ಸೀಮೆಗೆ ಬಂತು. ನಾನು ವಿಜ್ಞಾನದವಳು, ಪವಾಡ ಹೇಳಿಕೊಳ್ಳುವುದಿಲ್ಲ. ಹಿಂಡಿನಲ್ಲೂ ನಾಲ್ಕು ದನಗಳಿಗೆ ಗಂಟು ಎದ್ದವು. ಮುದಿ ಎತ್ತೊಂದು ಸತ್ತಿತು. ಉಳಿದವು ಉಳಿದವು. ಸುತ್ತಲ ಊರುಗಳಲ್ಲಿ ಓಲೆಯಿದ್ದೂ ಹೊತ್ತಿಗೆ ಲಸಿಕೆ ಸಿಗದ ದನಗಳು ಸತ್ತದ್ದನ್ನು ಕಂಡಿದ್ದೇನೆ. ಅವುಗಳ ಸಂಖ್ಯೆಗಳು ಆ್ಯಪ್‌ನಲ್ಲಿ ಸುರಕ್ಷಿತವಾಗಿವೆ.

ಆಮೇಲೆ ಸಾಹೇಬರು ಪರಿಶೀಲನೆಗೆ ಬಂದರು. ದನಗಳ ಕಿವಿ ನೋಡಿದರು. ಗುಡಿಸಲ ಕಂಬ ನೋಡಿದರು.

"ಇದೇನ್ ಮೇಡಂ, ತೋರಣಾನಾ?"

"ಸಾರ್, ನೀವೇ ಯಾವುದಾದರೊಂದು ಓಲೆ ಹಿಡಿಯಿರಿ" ಎಂದೆ.

ಸಾಹೇಬರು ಹಗ್ಗದ ತುದಿಯ ಹತ್ತಿರ ಒಂದನ್ನು ಹಿಡಿದರು. ಖಾದರ್ ಸಾಬರು ನೋಟುಪುಸ್ತಕ ನೋಡಿ, "ಚುಕ್ಕಿ" ಎಂದರು. ಪಾಲಯ್ಯನವರು ಕರೆದರು. ಚುಕ್ಕಿ ಬಂದು ನಿಂತಿತು. ಸಾಹೇಬರು ಇನ್ನೊಂದು ಹಿಡಿದರು, ಬಂತು. ಐದು ಸಲ ಹಿಡಿದರು, ಐದೂ ಬಂದವು. ಆರನೆಯದಕ್ಕೆ ಕೈ ಚಾಚುವಾಗ ಸಾಹೇಬರ ಮುಖದಲ್ಲಿ ಮಕ್ಕಳ ಸಂತೋಷ ಮೂಡಿತ್ತೆಂಬುದನ್ನು ನಾನು ಪ್ರಾಮಾಣಿಕವಾಗಿ ದಾಖಲಿಸುತ್ತೇನೆ. ಅವರು ಕೆಟ್ಟವರಲ್ಲ. ಜೀಪು ಹತ್ತುವ ಮುಂಚೆ ಹೇಳಿದರು: "ಅದ್ಭುತ ಮೇಡಂ. ಆದ್ರೆ ಇದ್ಕೆ ಆ್ಯಪ್‌ನಾಗೆ ಕಲಂ ಇಲ್ಲ."

ಹದಿನೈದು ದಿನಕ್ಕೆ ಕಾರಣ ಕೇಳುವ ನೋಟಿಸು ಬಂತು. ಆಪಾದನೆ: ಸರ್ಕಾರಿ ಕಿವಿಯೋಲೆಗಳನ್ನು ಹಗ್ಗಕ್ಕೆ ಪೋಣಿಸಿ ದುರುಪಯೋಗಪಡಿಸಿಕೊಂಡದ್ದು. ನಾನು ಹದಿನಾಲ್ಕು ಪುಟಗಳ ಉತ್ತರ ಬರೆದೆ. ಅದಕ್ಕಿಂತ ಉತ್ತಮ ವಾದವನ್ನು ನಾನು ಜೀವನದಲ್ಲಿ ಮಂಡಿಸಿಲ್ಲ. ಅದರಲ್ಲಿ ಚಹಾದಂಗಡಿಯ ಗಬ್ಬದ ಕೀಲಿಕೈಯನ್ನೂ, ಅದಕ್ಕೆ ನಾನು ಪಡೆದ ಪ್ರಶಸ್ತಿಯನ್ನೂ ಒಪ್ಪಿಕೊಂಡು, ಯಾವುದು ದುರುಪಯೋಗವೆಂದು ತೀರ್ಮಾನಿಸಬೇಕಾಗಿ ಕೋರಿದೆ. ಪ್ರತ್ಯುತ್ತರ ಒಂದು ಸಾಲು: "ಸಮಜಾಯಿಷಿ ಸಮರ್ಪಕವಾಗಿಲ್ಲ." ಎಮ್ಮೆಯ ವಿಷಯವನ್ನು ಯಾರೂ ಎತ್ತಲಿಲ್ಲ. ಆ ಸಾಧನೆ ಇಂದಿಗೂ ಶೇಕಡಾ ನೂರು. ನನ್ನ ಸೇವಾಪುಸ್ತಕದ ಕೊನೆಯ ಪುಟದಲ್ಲಿ ವಾಗ್ದಂಡನೆ ದಾಖಲಾಯಿತು. ಪಿಂಚಣಿಯ ಕಾಗದ ಏಳು ತಿಂಗಳು ತಡವಾಯಿತು.

ಅಮ್ಮನಿಗೆ ಆಗ ಕಣ್ಣು ಕಾಣುತ್ತಲೇ ಇರಲಿಲ್ಲ. ನೋಟಿಸನ್ನು ಓದಿ ಹೇಳೆಂದಳು, ಓದಿದೆ. ಹಗ್ಗದ ವಿಷಯ ಕೇಳಿದಳು, ಹೇಳಿದೆ. "ಯಾವ ಓಲೆ ಎಲ್ಲಿ ಬರ್ಬೇಕು ಅಂತ ಆ ಮುದುಕ ಬಾಯಿನಾಗೇ ಇಟ್ಕಂಡಿದ್ನಾ? ನಮ್ ಸೀರೆ ಸೆರಗಿನ ಲೆಕ್ಕ ಇದ್ದಂಗೆ" ಎಂದಳು. ಎಷ್ಟು ಎಳೆಗೆ ಯಾವ ಬಣ್ಣವೆಂಬುದನ್ನು ಅವಳೂ ಎಲ್ಲಿಯೂ ಬರೆದಿಟ್ಟವಳಲ್ಲ. ಅನಂತರ ಕಾಗದವನ್ನು ಕೈಗೆ ತೆಗೆದುಕೊಂಡು, ಮೊಹರು ಬಿದ್ದ ಜಾಗವನ್ನು ಬೆರಳಿನಿಂದ ಸವರಿ, ಸೀರೆಯ ಮಡಿಕೆಯಲ್ಲಿ ಇಟ್ಟವಳು ಅವಳೇ. ತಂಗಿಯರ ಓದು, ತಮ್ಮನ ಮದುವೆ, ಕಟ್ಟಿಸಿದ ಎರಡು ಕೋಣೆ ಇವೆಲ್ಲ ನನ್ನ ಸಂಬಳದ ಸಾಧನೆಗಳು. ನನ್ನ ಸಾಧನೆ ಯಾವುದೆಂದು ಕೇಳಿದರೆ ಆ ಮಡಿಕೆಯನ್ನು ಬಿಡಿಸಿ ತೋರಿಸುತ್ತೇನೆ.

ಆದರೆ ಹೆಮ್ಮೆಯೊಂದಿಗೆ ನನಗೊಂದು ಆತಂಕವೂ ಉಳಿದಿದೆ. ಲಸಿಕೆಯ ಶಕ್ತಿ ಒಂದು ವರ್ಷ. ಪ್ರತಿ ವರ್ಷ ಮತ್ತೆ ಹಾಕಬೇಕು. ನನ್ನ ಜಾಗಕ್ಕೆ ಬಂದವರು ನನ್ನ ವಾಗ್ದಂಡನೆಯನ್ನು ಓದಿ, ಬುದ್ಧಿವಂತರಾದ್ದರಿಂದ, ಆ ಹಟ್ಟಿಯ ಕಡೆ ತಲೆ ಹಾಕಿಲ್ಲ. ಪಾಲಯ್ಯನವರು ಕಳೆದ ತಿಂಗಳು ಬಸ್ ಹಿಡಿದು ನನ್ನ ಮನೆಗೇ ಬಂದಿದ್ದರು.

"ಡಾಕ್ಟ್ರಮ್ಮ, ಈ ವರ್ಷ ಯಾರೂ ಬರ್ಲಿಲ್ಲ. ಆರು ಕರು ಹೊಸದಾಗಿ ಹುಟ್ಟ್ಯಾವೆ. ಹೆಸ್ರು ಇಟ್ಟಿದೀನಿ. ಬರ್ಕಳಾಕೆ ಸಾಬ್ರೂ ಇಲ್ಲ."

ಖಾದರ್ ಸಾಬರೂ ನಿವೃತ್ತರಾಗಿದ್ದಾರೆ. ನನಗೆ ಈಗ ಸೂಜಿ ಹಿಡಿಯುವ ಅಧಿಕಾರವಿಲ್ಲ.

ಆದ್ದರಿಂದ, ಇಲಾಖೆಗೆ ಹೊಸದಾಗಿ ಸೇರಿ ಈ ಕಡೆಗೆ ಬಂದಿರುವ ತರುಣ ತರುಣಿಯರೇ, ನಿಮ್ಮಲ್ಲಿ ಕೇಳುವುದು ಇಷ್ಟೇ. ಮೂಲ ನೋಟುಪುಸ್ತಕ ವಿಚಾರಣೆಯ ಕಡತದೊಳಗಿದೆ, ಅದರ ಪ್ರತಿ ನನ್ನ ಬಳಿ ಇದೆ. ನಿಮ್ಮಲ್ಲಿ ಒಬ್ಬರು ಬಂದು ಅದನ್ನು ತೆಗೆದುಕೊಳ್ಳಿ. ಐಸ್ ಪೆಟ್ಟಿಗೆಯಲ್ಲಿ ನೂರ ಮೂವತ್ತು ಡೋಸ್ ಇಟ್ಟುಕೊಂಡು, ಬೆಳಿಗ್ಗೆ ಏಳರೊಳಗೆ, ಹಿಂಡು ಕಾವಲಿಗೆ ಹೊರಡುವ ಮುಂಚೆ ಆ ಹಟ್ಟಿಗೆ ಹೋಗಿ. ಆರು ಕರುಗಳ ಹೆಸರನ್ನು ಪಾಲಯ್ಯನವರು ಹೇಳುತ್ತಾರೆ, ಬರೆದುಕೊಳ್ಳಿ. ಲಸಿಕೆ ಹಾಕಿ ಬನ್ನಿ.